ಕಲಾದಗಿಯ ಹಣ್ಣು: ತೋಟದಿಂದ ಪೇಟೆಯವರೆಗೆ

ಗಿಡದಿಂದ ಬೇರ್ಪಟ್ಟ ಮೇಲೂ ಹಣ್ಣು ಉಸಿರಾಡುತ್ತದೆ, ನೀರು ಕಳೆದುಕೊಳ್ಳುತ್ತದೆ, ಶಾಖ ಹೊರಬಿಡುತ್ತದೆ. ಉಷ್ಣತೆ 10 ಡಿಗ್ರಿ ಏರಿದರೆ ಉಸಿರಾಟದ ವೇಗ ಎರಡು-ಮೂರು ಪಟ್ಟಾಗುತ್ತದೆ. ಬಾಗಲಕೋಟೆ ಜಿಲ್ಲೆಯಲ್ಲಿ ಘಟಪ್ರಭೆಯ ದಂಡೆಯ ಕಲಾದಗಿ ದಾಳಿಂಬೆ, ಚಿಕ್ಕು, ಪೇರಲಕ್ಕೆ ಹೆಸರಾದ ಊರು. ಬೇಸಗೆಯಲ್ಲಿ ಇಲ್ಲಿನ ಬಿಸಿಲು 40 ಡಿಗ್ರಿ ಮುಟ್ಟುತ್ತದೆ. ಕೊಯ್ದ ಬುಟ್ಟಿ ಮಧ್ಯಾಹ್ನದವರೆಗೆ ಬದುವಿನ ಮೇಲೆ ಉಳಿದರೆ, ಪೇಟೆಯಲ್ಲಿ ಕಾಣುವ ಕೊಳೆತ ಅಲ್ಲಿಯೇ ಶುರುವಾಗಿರುತ್ತದೆ.

ಕೊಯ್ಲಿನಿಂದ ಚಿಲ್ಲರೆ ಅಂಗಡಿ ಮುಟ್ಟುವುದರೊಳಗೆ ಜಗತ್ತಿನ ಆಹಾರದಲ್ಲಿ, ಬೆಲೆಯ ಲೆಕ್ಕದಲ್ಲಿ, ಸುಮಾರು ಶೇ. 14ರಷ್ಟು ಹಾಳಾಗುತ್ತದೆ ಎಂದು ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 2019ರಲ್ಲಿ ಅಂದಾಜಿಸಿತು. ಭಾರತದ ಬೆಳೆಗಳ ಬಗ್ಗೆ ಲುಧಿಯಾನಾದ ಕೇಂದ್ರೀಯ ಕೊಯ್ಲೋತ್ತರ ತಂತ್ರಜ್ಞಾನ ಸಂಸ್ಥೆಯ 2015ರ ವರದಿಯಲ್ಲಿ ಪೇರಲದ ನಷ್ಟ ಶೇ. 15.88, ಚಿಕ್ಕುವಿನದು ಶೇ. 9.73, ಉಳ್ಳಾಗಡ್ಡಿಯದು ಶೇ. 8.20. ಪೇರಲದ ಅಂಕಿ ಹಣ್ಣುಗಳಲ್ಲೇ ಅತಿ ಹೆಚ್ಚಿನದು. ನೀರು, ಗೊಬ್ಬರ, ಕೂಲಿ ಎಲ್ಲ ಸುರಿದು ಬೆಳೆಸಿದ ಮೇಲೆ ಹೋಗುವ ಹಣ್ಣಿದು. ಬೆಳೆಯುವ ಹಂತದ ನಷ್ಟಕ್ಕಿಂತ ಇದು ರೈತನಿಗೆ ಹೆಚ್ಚು ದುಬಾರಿ.

ಕಲಾದಗಿಯ ಹಣ್ಣುಗಳ ಸ್ವಭಾವ ಒಂದೇ ಅಲ್ಲ. ದಾಳಿಂಬೆ ಕಿತ್ತ ಮೇಲೆ ಮಾಗುವುದಿಲ್ಲ, ಆದ್ದರಿಂದ ಬಲಿಯುವ ಮೊದಲೇ ಕೊಯ್ದರೆ ಹುಳಿಯಾಗಿಯೇ ಉಳಿಯುತ್ತದೆ. ಅದನ್ನು ಎಳೆದು ಕೀಳಬಾರದು. ಕತ್ತರಿಯಿಂದ ತೊಟ್ಟನ್ನು ಗಿಡ್ಡಾಗಿ ಕತ್ತರಿಸಬೇಕು. ತೊಟ್ಟು ಉದ್ದ ಉಳಿದರೆ ಪೆಟ್ಟಿಗೆಯಲ್ಲಿ ಪಕ್ಕದ ಹಣ್ಣಿನ ಸಿಪ್ಪೆಗೆ ಚುಚ್ಚುತ್ತದೆ, ಆ ತೂತಿನಿಂದ ಬೂಷ್ಟು ಒಳಹೋಗುತ್ತದೆ. ಆದರೆ ಚಿಕ್ಕು ಕಿತ್ತ ಮೇಲೆಯೇ ಮಾಗುತ್ತದೆ. ಉಗುರಿನಿಂದ ಮೆಲ್ಲಗೆ ಗೀರಿದಾಗ ಸಿಪ್ಪೆಯ ಕೆಳಗೆ ಹಸಿರು ಕಂಡರೆ ಅದು ಎಳೆಯದು, ಹಳದಿ ಕಂಡರೆ ಬಲಿತದ್ದು. ಎಳೆಯ ಕಾಯಿಯ ತೊಟ್ಟಿನಿಂದ ಹಾಲು ಸುರಿಯುತ್ತದೆ. ಅಂಥದ್ದು ಮಾಗುವ ಬದಲು ಸುಕ್ಕುಗಟ್ಟುತ್ತದೆ. ಕೊಯ್ಯುವವರ ಕೈಯಲ್ಲಿರುವ ಈ ತಿಳಿವಳಿಕೆಗೆ ಕೂಲಿಯಲ್ಲಿ ಬೆಲೆ ಸಿಗದಿರುವುದು ನಷ್ಟದ ದೊಡ್ಡ ಕಾರಣ. ಎಷ್ಟು ಬುಟ್ಟಿ ತುಂಬಿತೆಂಬುದರ ಮೇಲಷ್ಟೇ ಕೂಲಿ ಕೊಡುವಲ್ಲಿ ಜೋಪಾನ ನಿರೀಕ್ಷಿಸಲಾಗದು.

ಶೀತಲಗೃಹ ಬಂದರೆ ಎಲ್ಲವೂ ಸರಿಹೋಗುತ್ತದೆ ಎಂಬ ನಂಬಿಕೆಯೂ ಅರ್ಧ ಸತ್ಯ. ಸುಮಾರು 5 ಡಿಗ್ರಿ ತಂಪು, ಶೇ. 90ಕ್ಕೂ ಮೀರಿದ ತೇವಾಂಶ ಇದ್ದರೆ ದಾಳಿಂಬೆ ಎರಡು ತಿಂಗಳು ತಾಳುತ್ತದೆ. ಅದೇ ಕೋಣೆಯಲ್ಲಿ ಚಿಕ್ಕು ಇಟ್ಟರೆ ಚಳಿಗೆ ಕೆಟ್ಟು, ಹೊರತೆಗೆದ ಮೇಲೂ ಸರಿಯಾಗಿ ಮಾಗುವುದಿಲ್ಲ. ಹುನಗುಂದ, ಬಾದಾಮಿ ಕಡೆಯ ಉಳ್ಳಾಗಡ್ಡಿಗೆ ಬೇಕಾದ್ದು ಇದಕ್ಕೆ ತದ್ವಿರುದ್ಧ: ಕುತ್ತಿಗೆ ಪೂರ್ತಿ ಒಣಗಬೇಕು, ಗಾಳಿ ಆಡಬೇಕು, ತೇವ ತಾಗಬಾರದು. ಮುಂಗಾರು ಬೆಳೆಯನ್ನು ಮಳೆಯ ನಡುವೆ ಕಿತ್ತು ಹಸಿಯಾಗಿಯೇ ಚೀಲಕ್ಕೆ ತುಂಬಿದರೆ ಒಳಗೊಳಗೇ ಕೊಳೆಯುತ್ತದೆ.

ಸಣ್ಣ ತೋಟಕ್ಕೆ ಹತ್ತಿರದ ದಾರಿ ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆ ರೂಪಿಸಿದ ಇಟ್ಟಿಗೆಯ ತಂಪುಗೂಡು. ಎರಡು ಸಾಲು ಇಟ್ಟಿಗೆ, ನಡುವೆ 7.5 ಸೆಂಟಿಮೀಟರ್ ಮರಳು, ದಿನಕ್ಕೆರಡು ಬಾರಿ ನೀರು, ಕರೆಂಟು ಬೇಡ. ಗಾಳಿ ಒಣಗಿದಷ್ಟೂ ಅದು ಹೆಚ್ಚು ತಂಪಾಗುವುದರಿಂದ ಬಾಗಲಕೋಟೆಯ ಬೇಸಗೆಗೆ ಹೇಳಿ ಮಾಡಿಸಿದಂತಿದೆ. ಮಳೆಗಾಲದಲ್ಲಿ ಪ್ರಯೋಜನ ಕಡಿಮೆ.

ಬಿರಿದ ದಾಳಿಂಬೆಯ ಪ್ರಶ್ನೆ ಬೇರೆ. ನೀರುಣಿಸುವಲ್ಲಿನ ಏರುಪೇರು, ಬೋರಾನ್ ಕೊರತೆ ಹಣ್ಣನ್ನು ಬಿರಿಯಿಸುತ್ತವೆ. ಕಾಳು ಕೆಟ್ಟಿರದಿದ್ದರೂ ಅಂಥದ್ದಕ್ಕೆ ಪೇಟೆಯಲ್ಲಿ ಬೆಲೆಯಿಲ್ಲ, ಆದರೆ ರಸ ತೆಗೆಯಬಹುದು. ಬಾಗಲಕೋಟೆಯಲ್ಲಿ 2008ರಿಂದ ತೋಟಗಾರಿಕೆ ವಿಶ್ವವಿದ್ಯಾಲಯವಿದೆ, ಮೈಸೂರಿನಲ್ಲಿ 1950ರಿಂದ ಕೇಂದ್ರೀಯ ಆಹಾರ ತಂತ್ರಜ್ಞಾನ ಸಂಶೋಧನಾ ಸಂಸ್ಥೆ ಇದೆ. ಬಿರಿದದ್ದು ಅದೇ ದಿನ ರಸವಾಗಬೇಕಾದರೆ, ಈ ಸಂಸ್ಥೆಗಳ ತಿಳಿವಳಿಕೆಯಿಂದ ನಡೆಯುವ ಸಣ್ಣ ಘಟಕ ಕಲಾದಗಿಯ ತೋಟಗಳ ನಡುವೆಯೇ ಇರಬೇಕು, ಕೊಯ್ಲಿನ ತಿಂಗಳುಗಳಲ್ಲಿ ಬಾಗಿಲು ತೆರೆದಿರಬೇಕು.