ಕರೆಂಟ್ ಹೋಗಿ ಬಂದ್ರ ಶ್ರುತಿ ಯಾವಾಗ ಏಳ್ತೈತಿ?

ಹಾವೇರಿಯಿಂದ ಮಾತಾಡಾಕತ್ತೀನಿ.

ರಾಣೆಬೆನ್ನೂರಿನ ನಮ್ಮ ಭಜನಾ ಮೇಳಕ್ಕ ರಾಸ್ಪ್‌ಬೆರಿ ಪೈ ಜೀರೋ 2 ಡಬ್ಲ್ಯೂ ಹಾಕಿ ಒಂದು ಶ್ರುತಿ ಡಬ್ಬಿ ಮಾಡಿಕೊಟ್ಟಿದ್ದೆ. "ಮೊಬೈಲ್‌ನ್ಯಾಗ ಆ್ಯಪ್ ಐತಲ್ಲೋ ತಮ್ಮಾ" ಅಂದ್ರು ಹಿರಿಯರು. ಐತ್ರಿ, ಆದ್ರ ಭಜನಿ ನಡುವ ಫೋನ್ ಬಂದ್ರ?

ಬ್ಯಾಡಗಿ ಕಡೆ ಒಂದು ಗುಡಿಯಲ್ಲಿ ಮೊದಲ ಕಾರ್ಯಕ್ರಮ. ಶಿಶುನಾಳ ಶರೀಫರ ಪದ ನಡೆದಿತ್ತು, ಕರೆಂಟ್ ಹೋಗಿ ತಕ್ಷಣ ಬಂತು. ಲೈಟ್ ಬಂತು, ಶ್ರುತಿ ಬರಲಿಲ್ಲ. ಹಾಡೋ ಕಾಕಾ ನನ್ನ ಮುಖ ನೋಡಿದ್ರು, ಹಾರ್ಮೋನಿಯಂ ಎಳಕೊಂಡು ಮುಂದುವರಿಸಿದ್ರು. 52 ಸೆಕೆಂಡ್ ಆದಮೇಲೆ ನನ್ನ ಡಬ್ಬಿ ಎದ್ದು ಬಿಳಿ ಒಂದರಲ್ಲಿ ಕೂಗಿತು. ಅವರು ಹಾಡ್ತಿದ್ದದ್ದು ಕರಿ ಎರಡರಲ್ಲಿ! ವೈರ್ ಕಿತ್ತು ಕುಂತೆ.

ಮನೆಗೆ ಬಂದು 'ಸಿಸ್ಟಮ್‌ಡಿ-ಅನಲೈಜ್ ಬ್ಲೇಮ್' ಕಮಾಂಡ್ ಕೊಟ್ಟೆ. ಯಾವ ಸರ್ವಿಸ್ ಎಷ್ಟು ಹೊತ್ತು ತಗೊಂಡಿತು ಅಂತ ಅದು ಹೇಳ್ತೈತಿ. ಆದ್ರ ಹುಷಾರ್, ಹಲವು ಸರ್ವಿಸ್ ಒಟ್ಟೊಟ್ಟಿಗೇ ಓಡ್ತಾವ, ದೊಡ್ಡ ಅಂಕಿ ಇದ್ದದ್ದೇ ಕಳ್ಳ ಅಲ್ಲ. ಯಾರು ಯಾರಿಗೆ ಕಾಯ್ತಾರ ಅನ್ನೋದನ್ನ 'ಕ್ರಿಟಿಕಲ್-ಚೈನ್' ತೋರಿಸ್ತೈತಿ. ಅಲ್ಲಿ ಸಿಕ್ಕಿಬಿದ್ದವ ನಾನೇ. ಎಲ್ಲಿಂದಲೋ ಕಾಪಿ ಮಾಡಿದ ಸರ್ವಿಸ್ ಫೈಲ್‌ನಲ್ಲಿ 'ನೆಟ್‌ವರ್ಕ್ ಬಂದಮೇಲೆ ಶುರು ಮಾಡು' ಅಂತಿತ್ತು. ಗುಡಿಯಲ್ಲಿ ಎಲ್ಲಿಯ ವೈಫೈ? ಆ ಸಾಲು ತೆಗೆದೆ. ಡೆಸ್ಕ್‌ಟಾಪ್ ಬಿಟ್ಟು ಲೈಟ್ ಓಎಸ್ ಹಾಕಿದೆ.

ಇನ್ನೊಂದು ತಪ್ಪು ನನ್ನ ಪೈಥಾನ್ ಕೋಡ್‌ನಲ್ಲೇ ಇತ್ತು. ಪ್ರತಿ ಸಲ ನಂಪೈ ಲೋಡ್ ಮಾಡಿ, 12 ಶ್ರುತಿಗಳನ್ನೂ ಹೊಸದಾಗಿ ಲೆಕ್ಕ ಹಾಕ್ತಿತ್ತು. ಈಗ ಅವನ್ನೆಲ್ಲ ಮನೆಯಲ್ಲೇ ಒಮ್ಮೆ ಲೆಕ್ಕ ಹಾಕಿ ವೇವ್ ಫೈಲ್ ಮಾಡಿಟ್ಟೀನಿ. ಡಬ್ಬಿ ಎದ್ದ ಕೂಡಲೇ ಬೇಕಾದ ಒಂದನ್ನಷ್ಟೇ ಓದಿ ನುಡಿಸ್ತೈತಿ, ಉಳಿದವು ಹಿಂದಿನಿಂದ ನಿಧಾನ ಬರಲಿ.

ಬೇಕಾದದ್ದು ಯಾವುದು ಅಂತ ಗೊತ್ತಾಗೋದು ಹೆಂಗ? ಪದೇಪದೇ ಕರೆಂಟ್ ಹೋದ್ರ ಮೆಮೊರಿ ಕಾರ್ಡ್ ಕೆಡಬಾರದು ಅಂತ ರಾಸ್ಪಿ-ಕಾನ್ಫಿಗ್‌ನಲ್ಲಿ ಓವರ್‌ಲೇ ಆನ್ ಮಾಡೀನಿ, ಹಂಗಾಗಿ ಕಾರ್ಡ್ ಮೇಲೆ ಏನೂ ಬರೆಯೋಹಂಗಿಲ್ಲ. ಅದಕ್ಕ ಮುಂದೆ 12 ಮನೆಯ ತಿರುಗಣಿ ಸ್ವಿಚ್ ಕೂರಿಸಿದೆ. ಕರೆಂಟ್ ಹೋದ್ರೂ ಅದು ಇದ್ದಲ್ಲೇ ಇರ್ತೈತಿ.

ಪವರ್ ಬ್ಯಾಂಕ್ ಹಾಕಬಹುದಲ್ಲ ಅಂತೀರಿ. ಹಾಕಿ ನೋಡಿದೆ. ಚಾರ್ಜಿಂಗ್ ಬಂದಾಗ, ಹೋದಾಗ ನನ್ನ ಹತ್ರ ಇದ್ದದ್ದು ಒಂದು ಕ್ಷಣ ಔಟ್‌ಪುಟ್ ಕಟ್ ಮಾಡ್ತಿತ್ತು, ಪೈ ಮತ್ತ ಮೊದಲಿಂದ ಶುರು.

ಈಗ 14 ಸೆಕೆಂಡ್‌ಗೆ ಬಂದೈತಿ. ಕಾಕಾ ಮಾತ್ರ ಇನ್ನೂ ಹಾರ್ಮೋನಿಯಂ ಪಕ್ಕದಾಗ ಇಟಗೊಂಡೇ ಕೂಡ್ತಾರ.