ಮಾತು ಕಳೆದುಕೊಂಡವರ ಎದುರು ಕುಳಿತಾಗ



ಲಕ್ವ ಹೊಡೆದ ಹಿರಿಯರೊಬ್ಬರು ನಮಾಝಿನಲ್ಲಿ ಸೂರಃ ಫಾತಿಹಾವನ್ನು ತಡವರಿಸದೆ ಓದುತ್ತಾರೆ. ಆದರೆ ನೀರು ಬೇಕೆಂದು ಹೇಳಲು ಅವರಿಂದಾಗುವುದಿಲ್ಲ. ಮನೆಯವರು ಇದನ್ನು ಹಠವೆಂದು ಭಾವಿಸುತ್ತಾರೆ, ನೆರೆಯವರು ಬುದ್ಧಿಭ್ರಮಣೆ ಎನ್ನುತ್ತಾರೆ. ನಾವು ಹಾಗೆ ತೀರ್ಮಾನಿಸಬಾರದು. ಬಾಲ್ಯದಿಂದ ಸಾವಿರಾರು ಬಾರಿ ಉಚ್ಚರಿಸಿದ ವಚನಗಳು, ಎಣಿಕೆ, ಹಾಡುಗಳು ಉಳಿದುಕೊಂಡು, ಹೊಸ ವಾಕ್ಯ ಕಟ್ಟುವ ಸಾಮರ್ಥ್ಯ ಮಾತ್ರ ಕುಂದಬಹುದು. ವೈದ್ಯರು ಇದನ್ನು ಅಫೇಸಿಯಾ ಎನ್ನುತ್ತಾರೆ. 1861ರಲ್ಲಿ ಪ್ಯಾರಿಸಿನ ವೈದ್ಯ ಪಾಲ್ ಬ್ರೋಕಾ, 'ಟಾನ್' ಎಂಬ ಶಬ್ದದ ಹೊರತು ಬೇರೇನನ್ನೂ ಹೆಚ್ಚಾಗಿ ನುಡಿಯಲಾಗದಿದ್ದ ರೋಗಿಯ ಮೆದುಳನ್ನು ಮರಣಾನಂತರ ಪರೀಕ್ಷಿಸಿ, ಎಡ ಮುಂಭಾಗದ ಹಾನಿಯನ್ನು ಗುರುತಿಸಿದರು.

ನಮ್ಮದೇ ವೃತ್ತಿಯವರಾದ ಫ್ರಾನ್ಸಿನ ಸಂಪಾದಕ ಜೀನ್ ಡೊಮಿನಿಕ್ ಬಾಬಿಯವರ ಸ್ಥಿತಿ ಬೇರೆ. 1995ರ ಪಾರ್ಶ್ವವಾಯುವಿನ ಬಳಿಕ ಅವರ ಪಾಲಿಗೆ ಉಳಿದದ್ದು ಮುಖ್ಯವಾಗಿ ಎಡಗಣ್ಣಿನ ರೆಪ್ಪೆಯ ಚಲನೆ. ಎದುರಿದ್ದವರು ಅಕ್ಷರಗಳನ್ನು ಒಂದೊಂದಾಗಿ ಓದುತ್ತಿದ್ದರು. ಬೇಕಾದ ಅಕ್ಷರ ಬಂದಾಗ ಅವರು ರೆಪ್ಪೆ ಮುಚ್ಚುತ್ತಿದ್ದರು. ಹಾಗೆ ಬರೆಸಿದ ಅವರ ಪುಸ್ತಕ 1997ರಲ್ಲಿ ಪ್ರಕಟವಾಯಿತು. ಭಾಷೆ ಅಳಿಯದೆ ನಾಲಿಗೆ ಮಾತ್ರ ಸೋತವರಿಗೆ ಅಕ್ಷರ ಫಲಕ ಸಾಕಾಗಬಹುದು. ಅಫೇಸಿಯಾ ಇದ್ದವರಿಗೆ ಹಲವು ವೇಳೆ ಅಕ್ಷರಗಳೂ ಕೈಕೊಡುತ್ತವೆ. ಅವರಿಗೆ ಚಿತ್ರಗಳೇ ಆಸರೆ. ಚಿತ್ರವನ್ನು ಒತ್ತಿದರೆ ಧ್ವನಿ ಹೊರಡಿಸುವ ಮೊಬೈಲ್ ಆ್ಯಪ್‌ಗಳೂ ಇವೆ. ಆದರೆ ರಟ್ಟಿನ ಮೇಲೆ ಅಂಟಿಸಿದ ಫೋಟೋಗಳಿಗೆ ಚಾರ್ಜ್ ಮಾಡಬೇಕಾಗಿಲ್ಲ.

ಆ ರಟ್ಟಿನ ಮೇಲೆ ನಾವು ಏನನ್ನು ಅಂಟಿಸುತ್ತೇವೆ? ನೀರು, ಮಾತ್ರೆ, ಶೌಚಾಲಯ. ಅಷ್ಟಕ್ಕೇ ಮುಗಿಯಿತೇ? ಮಕ್ಕಳ, ಮೊಮ್ಮಕ್ಕಳ, ಮಸೀದಿಯ, ಅಂಗಡಿಯ, ಅವರು ದಿನವೂ ಕೂರುತ್ತಿದ್ದ ಜಗಲಿಯ ಫೋಟೋಗಳೂ ಇರಲಿ. ನೋವು, ಕೋಪ, 'ನನಗೆ ಒಪ್ಪಿಗೆಯಿಲ್ಲ' ಎಂಬುದಕ್ಕೂ ಗುರುತುಗಳಿರಲಿ. ಚಿತ್ರದ ಕೆಳಗಿನ ಪದ ಅವರ ಮನೆಮಾತಿನದ್ದಾಗಿರಲಿ, ಅದು ಬ್ಯಾರಿಯಾಗಲಿ, ಉರ್ದುವಾಗಲಿ, ಕನ್ನಡವಾಗಲಿ.

ಇನ್ನೊಂದು ಎಚ್ಚರಿಕೆ. ಅಫೇಸಿಯಾ ಇದ್ದವರು 'ಇಲ್ಲ' ಎನ್ನಬೇಕಾದಲ್ಲಿ 'ಹೌದು' ಎಂದುಬಿಡುವುದುಂಟು. ಆದ್ದರಿಂದ ಒಂದೇ ಪ್ರಶ್ನೆಯನ್ನು ತಿರುಗಿಸಿ ಕೇಳಬೇಕು, ಚಿತ್ರ ತೋರಿಸಿ ಖಚಿತಪಡಿಸಿಕೊಳ್ಳಬೇಕು, ಉತ್ತರಕ್ಕೆ ಕಾಯಬೇಕು. ನಮ್ಮಲ್ಲಿ ಕಾಯುವವರೇ ಕಡಿಮೆ. ಅವರ ವಾಕ್ಯವನ್ನು ನಾವೇ ಮುಗಿಸಿಬಿಡುತ್ತೇವೆ.

ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಇಂತಹವರಿಗೆ ಪರೀಕ್ಷೆ, ಚಿಕಿತ್ಸೆಗಳಿವೆ. ಅಫೇಸಿಯಾದಿಂದ ಶಾಶ್ವತವಾಗಿ ಉಂಟಾದ ವಾಕ್ ದೋಷವನ್ನು 2016ರ ವಿಕಲಚೇತನರ ಹಕ್ಕುಗಳ ಕಾಯ್ದೆ ಅಂಗವೈಕಲ್ಯವೆಂದು ಮಾನ್ಯ ಮಾಡಿದೆ.

ಕೊನೆಯದಾಗಿ, ಹೇಳಲು ಸಂಕೋಚವಾಗುವ ಒಂದು ಮಾತು. ತಂದೆ ಮಾತನಾಡಲಾರರು ಎಂದು ಅವರ ಮಂಚದ ಬಳಿಯೇ ಆಸ್ತಿಯ ಮಾತುಕತೆ ನಡೆಯುತ್ತದೆ, ಹೆಬ್ಬೆರಳು ಹಿಡಿದು ಕಾಗದಕ್ಕೆ ಒತ್ತಿಸಲಾಗುತ್ತದೆ. ಅವರಿಗೆ ಎಷ್ಟು ಅರ್ಥವಾಗುತ್ತಿದೆ ಎಂಬುದನ್ನು ಯಾರೂ ವಿಚಾರಿಸಿರುವುದಿಲ್ಲ. ಶಾಯಿಯ ಡಬ್ಬಿ ತರುವ ಮೊದಲು ಆ ಚಿತ್ರಫಲಕವನ್ನು ಅವರ ಮುಂದಿಡೋಣ.