ಒಳ್ಳೆಯ ಪತ್ರವೂ ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದಾಗ
(ಸದಸ್ಯರ ಸಭೆಯಲ್ಲಿ ಮಾಡಿದ ಭಾಷಣ)



ಬೆಳಿಗ್ಗೆ ಸಂಘದಲ್ಲಿ ನಿಮ್ಮ ಹಾಲಿಗೆ ಲ್ಯಾಕ್ಟೋಮೀಟರ್ ಬಿಟ್ಟು ನೋಡುತ್ತಾರೆ. ಸರಿಯಿಲ್ಲದಿದ್ದರೆ ಅಲ್ಲೇ ಹೇಳುತ್ತಾರೆ. ನೀವೂ ಕಾರಣ ಕೇಳುತ್ತೀರಿ, ಬೇಕಾದರೆ ಜಗಳವನ್ನೂ ಆಡುತ್ತೀರಿ. ಇ-ಮೇಲ್ ಪತ್ರಗಳಿಗೂ ಇಂಥದೊಂದು ಪರೀಕ್ಷೆಯುಂಟು. ಆದರೆ ಅಲ್ಲಿ ತಳ್ಳಿಹಾಕಿದ್ದು ಯಾರಿಗೂ ತಿಳಿಯುವುದಿಲ್ಲ. ಅಂಚೆಯ ಕಾಗದವಾದರೆ ವಿಳಾಸದಾರರು ಸಿಗದಿದ್ದಾಗ ಹಿಂದಕ್ಕೆ ಬರುತ್ತದೆ. ಸ್ಪ್ಯಾಮ್ ಪೆಟ್ಟಿಗೆಗೆ ಬಿದ್ದ ಪತ್ರ ಬರುವುದಿಲ್ಲ. ತಲುಪಿತೆಂದು ಕಳಿಸಿದವರು ನಂಬಿರುತ್ತಾರೆ, ಕಳಿಸಲೇ ಇಲ್ಲವೆಂದು ನೀವು ಬೈಯುತ್ತಿರುತ್ತೀರಿ. ಅದು ವಾರ್ಷಿಕ ಮಹಾಸಭೆಯ ತಿಳಿವಳಿಕೆ ಪತ್ರವಾಗಿದ್ದರೆ? ರಾಸುಗಳ ವಿಮೆಗೆ ಕೊನೆಯ ದಿನ ತಿಳಿಸುವ ಪತ್ರವಾಗಿದ್ದರೆ? ಜಿಮೇಲ್‌ನಲ್ಲಿ 30 ದಿನ ಕಳೆದರೆ ಅದು ತಾನಾಗಿಯೇ ಅಳಿಸಿಹೋಗುತ್ತದೆ.

ಹಾಗೆಂದು ಸೋಸುವ ಯಂತ್ರವನ್ನು ದೂರಿ ಫಲವಿಲ್ಲ. 1978ರ ಮೇ ತಿಂಗಳಲ್ಲಿ ಅಮೆರಿಕದ ಕಂಪ್ಯೂಟರ್ ಮಾರಾಟಗಾರರೊಬ್ಬರು ಸುಮಾರು 400 ಮಂದಿಗೆ ಕೇಳದೆಯೇ ಜಾಹೀರಾತು ಕಳಿಸಿದ್ದರಿಂದ ಈ ಪಿಡುಗು ಶುರುವಾಯಿತೆನ್ನುತ್ತಾರೆ. ಇಂದು ಸೋಸದಿದ್ದರೆ ಲಾಟರಿ, ಸಾಲದ ಮೋಸದ ಪತ್ರಗಳ ರಾಶಿಯೇ ಬಂದು ಬೀಳುತ್ತದೆ.

ತೊಡಕು ಇರುವುದು ಇಲ್ಲಿ: ಒಂದೇ ಪತ್ರ ಒಮ್ಮೆಗೇ ಸಾವಿರಾರು ಜನರಿಗೆ ಹೋಗುವುದು ಮೋಸಗಾರರ ಲಕ್ಷಣ; ಒಕ್ಕೂಟದ ಸುತ್ತೋಲೆಯ ಲಕ್ಷಣವೂ ಅದೇ! ಆದ್ದರಿಂದ ಯಂತ್ರ ಗುರುತು ಕೇಳುತ್ತದೆ. ದಿನಕ್ಕೆ 5,000ಕ್ಕೂ ಹೆಚ್ಚು ಪತ್ರಗಳನ್ನು ಜಿಮೇಲ್ ವಿಳಾಸಗಳಿಗೆ ಕಳಿಸುವವರಿಗೆ ಎಸ್‌ಪಿಎಫ್, ಡಿಕಿಮ್, ಡಿಮಾರ್ಕ್ ಎಂಬ ಮೂರು ಗುರುತುಗಳನ್ನು ಗೂಗಲ್ 2024ರ ಫೆಬ್ರವರಿಯಿಂದ ಕಡ್ಡಾಯ ಮಾಡಿತು. ಕ್ಯಾನಿನ ಮೇಲೆ ಸಂಘದ ಸಂಖ್ಯೆ ಬರೆದು ಮೊಹರು ಹಾಕಿದಂತೆ ಎನ್ನಿ. ಕಡಿಮೆ ಪತ್ರ ಕಳಿಸುವವರಿಗೂ ಇವು ಇದ್ದರೆ ಒಳ್ಳೆಯದು. ಇದು ಕಚೇರಿಯ ಕೆಲಸ. ಮಾಡಿದ್ದಾರೆಯೇ ಎಂದು ಸದಸ್ಯರು ಸಭೆಯಲ್ಲಿ ಧಾರಾಳವಾಗಿ ಕೇಳಬಹುದು.

ನಿಮ್ಮ ಪಾಲೂ ಇದೆ. ಪತ್ರಗಳು ಹೆಚ್ಚಾದವೆಂದು ಬೇಸರಗೊಂಡು 'ಸ್ಪ್ಯಾಮ್' ಎಂದು ಒತ್ತಬೇಡಿ. ಅದು ದೂರಾಗಿ ದಾಖಲಾಗುತ್ತದೆ. ದೂರು ಶೇಕಡಾ 0.3 ಮುಟ್ಟಬಾರದೆಂದು ಗೂಗಲ್ ಹೇಳಿದೆ. ಅಂದರೆ ಸಾವಿರ ಪತ್ರಕ್ಕೆ ಬರೀ ಮೂರು. ಒಬ್ಬರ ಹುಳಿ ಹಾಲಿನಿಂದ ಕ್ಯಾನೆಲ್ಲ ಕೆಟ್ಟಂತೆ, ಪಕ್ಕದ ಊರಿನವರಿಗೆ ಹೋಗುವ ಪತ್ರಕ್ಕೂ ಅಡ್ಡಿಯಾದೀತು. ಪರಿಚಿತ ಸಂಸ್ಥೆಯ ಪತ್ರ ಬೇಡವೆನಿಸಿದರೆ 'ಅನ್‌ಸಬ್‌ಸ್ಕ್ರೈಬ್' ಒತ್ತಿದರಾಯಿತು.

ವಾರಕ್ಕೊಮ್ಮೆ ಸ್ಪ್ಯಾಮ್ ಪೆಟ್ಟಿಗೆ ನೋಡಿ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಅವರಿಗೇ ಹೇಳಿ, ಅವರ ಕೈ ಚುರುಕು. ನಮ್ಮ ಪತ್ರ ಕಂಡರೆ 'ಸ್ಪ್ಯಾಮ್ ಅಲ್ಲ' ಎಂದು ಒತ್ತಿ, ವಿಳಾಸವನ್ನು ಉಳಿಸಿಕೊಳ್ಳಿ. ಆದರೆ ಒಕ್ಕೂಟದ ಹೆಸರಿದ್ದ ಮಾತ್ರಕ್ಕೆ ನಂಬಬೇಡಿ, ವಿಳಾಸವನ್ನು ಅಕ್ಷರ ಅಕ್ಷರವಾಗಿ ಓದಿ. ಒಟಿಪಿ, ಪಿನ್ ಸಂಖ್ಯೆ ಕೇಳಿದ್ದರೆ ಅದು ಮೋಸ. ಅನುಮಾನ ಬಂದಲ್ಲಿ ಏನನ್ನೂ ಒತ್ತದೆ, ಮರುದಿನ ಹಾಲು ಹಾಕಲು ಹೋದಾಗ ಕಾರ್ಯದರ್ಶಿಗಳಿಗೆ ತೋರಿಸಿ.